ಸೂರ್ಯನಿಗೆ ಎದುರಾಗಿ ಅರ್ಧ ಸುತ್ತು

ನವೆಂಬರಿನ ಮೊದಲ ವಾರ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಅಂಗಳದ ಹುಲ್ಲು ಹಿಮ ಹಿಡಿದು ಕಾಲಡಿಗೆ ಚರಚರ ಎನ್ನುತ್ತಿತ್ತು. ಲಾಬ್‌ಸ್ಟರ್ ಬೋನುಗಳನ್ನು ಕಡಲಿಗೆ ಇಳಿಸುವ ಮಂಗಳವಾರಕ್ಕೆ ಇನ್ನು ಐದು ದಿನ. ನಮ್ಮ ದ್ವೀಪದಲ್ಲಿ ಆ ವಾರ ಯಾರೂ ಕೂತು ಉಣ್ಣುವುದಿಲ್ಲ, ಒಂದು ಕೈಯಲ್ಲಿ ಬ್ರೆಡ್ಡಿದ್ದರೆ ಇನ್ನೊಂದರಲ್ಲಿ ಬಲೆ ಹೆಣೆಯುವ ಸೂಜಿ ಇರುತ್ತದೆ. ನಾನು ಶೆಡ್ಡಿನ ಬಾಗಿಲಲ್ಲಿ ಕೂತು ಬೋನುಗಳ ಬಾಯಿಗೆ ಬಲೆ ಕಟ್ಟುತ್ತಿದ್ದೆ. ಮುನ್ನೂರರಲ್ಲಿ ಇನ್ನೂ ನಲವತ್ತು ಬಾಕಿ ಇದ್ದವು. ಬೋನಿನ ಎರೆಗೆಂದು ಉಪ್ಪು ಹಾಕಿದ ಹೆರಿಂಗ್ ಮೀನಿನ ಪೀಪಾಯಿಗಳ ವಾಸನೆ ಒಗೆದು ಒಣಹಾಕಿದ ಬಟ್ಟೆಗೂ ಹತ್ತಿತ್ತು.

ನನ್ನ ಗಂಡ ಎಲ್ಡನ್ ಧಕ್ಕೆಯಿಂದ ನಡೆದುಕೊಂಡೇ ಬಂದ. ಗಾಡಿ ಅಲ್ಲೇ ಬಿಟ್ಟು ನಡೆದು ಬಂದನೆಂದರೆ ಯೋಚನೆಗೆ ಬಿದ್ದಿದ್ದಾನೆ ಎಂದು ಅರ್ಥ. ಬೋನಿನ ರಾಶಿಗೆ ಒರಗಿ ನಿಂತು, ಶಾಫ್ಟು ಬಿಗಿಯಾಗಿದೆ ಎಂದ. ಮೊದಲು ಒಂದೇ ಕೈಯಲ್ಲಿ ತಿರುಗುತ್ತಿದ್ದದ್ದು ಈಗ ಎರಡೂ ಕೈ ಹಾಕಿದರೂ ಮುಲುಗುತ್ತದೆ, ಎಂಜಿನ್ ಓಡಿಸಿದರೆ ಗ್ಲ್ಯಾಂಡು ಮುಟ್ಟಲಾಗದಷ್ಟು ಸುಡುತ್ತದೆ ಎಂದ.

ನಮ್ಮದು ಮರದ ಬೋಟು, ಹೆಸರು ‘ಆರ್ಫಾ’, ಎಲ್ಡನ್ನನ ತಾಯಿಯ ಹೆಸರು. ಎಂಜಿನ್ ಬೋಟಿನ ಹೊಟ್ಟೆಯಲ್ಲೇ ಇದೆ. ಅಲ್ಲಿಂದ ಹೊರಟ ಕಂಚಿನ ಶಾಫ್ಟು ಹಿಂಬದಿಯ ದಪ್ಪ ಮರವನ್ನು ತೂರಿ ನೀರಿಗೆ ಹೋಗುತ್ತದೆ, ತುದಿಯಲ್ಲಿ ಬೋಟನ್ನು ಮುಂದೆ ತಳ್ಳುವ ಮೂರೆಸಳಿನ ಫ್ಯಾನು. ಮರ ತೂರುವ ಕಡೆ ಒಳಗೆ ಹಿತ್ತಾಳೆಯ ಗ್ಲ್ಯಾಂಡು. ಕೊಬ್ಬು ಸವರಿದ ನಾರಿನ ಹುರಿಯನ್ನು ಅದರೊಳಗೆ ಸುತ್ತಿ ಬಿಗಿದಿರುತ್ತಾರೆ; ಶಾಫ್ಟು ತಿರುಗಬೇಕು, ನೀರು ಒಳಗೆ ಬರಬಾರದು. ಹೊರಗೆ, ಫ್ಯಾನಿನ ಹತ್ತಿರ, ಶಾಫ್ಟನ್ನು ಹಿಡಿದುಕೊಳ್ಳುವ ರಬ್ಬರಿನ ಬುಷ್. ಬಿಗಿತ ಈ ಮೂರರಲ್ಲಿ ಒಂದು ಕಡೆ ಇರಬೇಕು: ಎಂಜಿನ್ನಿನ ಸೇರುವೆಯಲ್ಲಿ, ಗ್ಲ್ಯಾಂಡಿನಲ್ಲಿ, ಇಲ್ಲ ಬುಷ್‌ನಲ್ಲಿ. ಇದನ್ನೆಲ್ಲ ನಾನು ಕಲಿತದ್ದು ಮದುವೆಯಾದ ಮೇಲಲ್ಲ. ನನ್ನಪ್ಪ ಲೆಮುಯೆಲ್ ದೋಣಿ ಕಟ್ಟುವವನು. ಎಪ್ಪತ್ತೊಂದಾದರೂ ಬಾಚಿ ಬಿಟ್ಟಿಲ್ಲ.

ಅಪ್ಪನನ್ನು ಕರೆಯುವುದಕ್ಕೆ ಎಲ್ಡನ್ನನಿಗೆ ಮನಸ್ಸಿರಲಿಲ್ಲ. ವಸಂತದಲ್ಲಿ ಬೋಟಿಗೆ ಈ ಎಂಜಿನ್ ಕೂರಿಸಿಕೊಟ್ಟವನು ಅಪ್ಪನೇ. ಎಂಜಿನ್ ಕೂದಲೆಳೆಯಷ್ಟು ಓರೆ ಕೂತಿದ್ದರೂ ಶಾಫ್ಟು ಬಿಗಿಯುತ್ತದೆ, ಹಾಗಾಗಿ ತಪ್ಪು ಮಾವನದೇ ಎಂದು ಎಲ್ಡನ್ನನ ತಲೆಯಲ್ಲಿ ಕೂತಿತ್ತು. ನಾನೇ ಹೋಗಿ ಕರೆತಂದೆ. ಅಪ್ಪ ಬೋಟಿಗಿಳಿದು, ಗ್ಲ್ಯಾಂಡಿನ ಮೇಲೆ ಅಂಗೈ ಇಟ್ಟು, ದೊಡ್ಡ ನಟ್ಟನ್ನು ಒಂದು ಸುತ್ತು ಸಡಿಲಿಸಿದ. ನೀರು ತೊಟ್ಟಿಕ್ಕಿತು, ಆದರೆ ಬಿಗಿತ ಹಾಗೇ ಇತ್ತು.

“ಎಂಜಿನ್ ಕೂರಿಸಿದ್ದು ಯಾರು ಅಂತ ಊರಿಗೆಲ್ಲ ಗೊತ್ತು ಮಾವ,” ಎಂದ ಎಲ್ಡನ್.

“ಗೊತ್ತಯ್ಯಾ. ಹೋದ ವಾರ ಫ್ಯಾನಿಗೆ ಹಗ್ಗ ಸುತ್ತಿಸ್ಕೊಂಡದ್ದು ಯಾರು ಅಂತ ಮೀನಿಗೂ ಗೊತ್ತು.”

ಅಪ್ಪ ನಾಲ್ಕು ಬೋಲ್ಟು ಬಿಚ್ಚಿ ಶಾಫ್ಟನ್ನು ಎಂಜಿನ್ನಿನಿಂದ ಬೇರೆ ಮಾಡಿದ. ಎಂಜಿನ್ನಿನ ಹಂಗಿಲ್ಲದೆ ಶಾಫ್ಟೊಂದನ್ನೇ ತಿರುಗಿಸಿ ನೋಡು ಎಂದು ಅಳಿಯನಿಗೆ ಹೇಳಿದ. ಎಲ್ಡನ್ ತಿರುಗಿಸಿದ. ಅಷ್ಟೇ ಬಿಗಿ. ಅಂದರೆ ಎಂಜಿನ್ನಿನ ತಪ್ಪಲ್ಲ, ಗ್ಲ್ಯಾಂಡಿನದೂ ಅಲ್ಲ, ಉಳಿದದ್ದು ಬುಷ್. ಅಪ್ಪ ಪಾನಾವನ್ನು ಚಿಂದಿಯಲ್ಲಿ ಒರೆಸತೊಡಗಿದ. ಅಷ್ಟು ಹೊತ್ತು ಒರೆಸುವಂಥ ಕೊಳೆ ಅದರ ಮೇಲೆ ಇರಲಿಲ್ಲ.

ಹಗ್ಗದ ಮಾತು ನಿಜ. ಹೋದ ವಾರ ಯಾರದೋ ಹಳೇ ಹಸಿರು ಹಗ್ಗ ತೇಲುತ್ತ ಬಂದು ಫ್ಯಾನಿಗೆ ಸುತ್ತಿತ್ತು. ಎಲ್ಡನ್ ಬೋಟಿನ ಹಿಂಬದಿಯಿಂದ ಬಾಗಿ, ಉದ್ದ ಕೋಲಿಗೆ ಕತ್ತಿ ಕಟ್ಟಿ ಅದನ್ನು ಕೊಯ್ದು ತೆಗೆದಿದ್ದ. ಎಲ್ಲ ಬಂತು ಎಂದುಕೊಂಡಿದ್ದ. ಅದು ಪ್ಲಾಸ್ಟಿಕ್ ಹಗ್ಗ. ಒಂದು ತುಂಡು ಬುಷ್‌ನೊಳಗೆ ಸಿಕ್ಕಿ, ಶಾಫ್ಟಿನ ಬಿಸಿಗೆ ಕರಗಿ ಅಂಟಿಕೊಂಡಿರಬೇಕು. ಹೊರಗಿನಿಂದ ನೋಡದೆ ಗೊತ್ತಾಗದು.

ಹೊರಗಿನಿಂದ ನೋಡುವುದು ನಮ್ಮಲ್ಲಿ ಕಷ್ಟವಲ್ಲ. ದ್ವೀಪದ ಸುತ್ತಲಿನ ಫಂಡಿ ಕೊಲ್ಲಿಯ ನೀರು ಆರು ತಾಸಿನಲ್ಲಿ ಮೂರಾಳು ಇಳಿಯುತ್ತದೆ, ಮತ್ತೆ ಆರು ತಾಸಿನಲ್ಲಿ ಅಷ್ಟೇ ಏರುತ್ತದೆ. ಏರುನೀರಿನಲ್ಲಿ ಬೋಟನ್ನು ಹಳೇ ಧಕ್ಕೆಗೆ ಒರಗಿಸಿ ಕಟ್ಟಿದರೆ, ನೀರು ಜಾರಿದ ಮೇಲೆ ಅದು ಗಟ್ಟಿ ನೆಲದ ಮೇಲೆ ಅಡಿಮರ ಊರಿ ನಿಲ್ಲುತ್ತದೆ. ಕೆಳಗಿಳಿದು ಕೆಲಸ ಮಾಡಬಹುದು, ನೀರು ಮರಳುವವರೆಗೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಕಟ್ಟಿದೆವು. ಒಂಬತ್ತೂವರೆಗೆ ಫ್ಯಾನು ನೀರಿನಿಂದ ಎದ್ದಿತು. ಮೂರು ಗಂಟೆಗೆ ನೀರು ಮತ್ತೆ ಶಾಫ್ಟು ಮುಟ್ಟುತ್ತದೆ ಎಂದು ಅಪ್ಪ ಲೆಕ್ಕ ಹೇಳಿದ. ಎಲ್ಡನ್ ಬೋಟಿನಡಿಗೆ ಹೋಗಿ ಅಂಗಾತ ಮಲಗಿದ. ಬುಷ್‌ನ ಬಾಯಲ್ಲಿ ಹುಲ್ಲೆಳೆಯಷ್ಟು ಹಸಿರು ಕಾಣುತ್ತಿತ್ತು. ಅವನು ಚಾಕು ಹಾಕಿದ, ಮೊಳೆ ಹಾಕಿದ, ಕೊಕ್ಕೆ ಹಾಕಿದ. ಪುಡಿ ಪುಡಿಯಾಗಿ ಬಂತೇ ಹೊರತು ಎಳೆಯಾಗಿ ಬರಲಿಲ್ಲ. ಹೀಗೇ ಹನ್ನೆರಡೂವರೆಯಾಯಿತು. ನೀರು ತಳ ಕಂಡು ನಿಂತಿತ್ತು. ಇನ್ನು ಏರುವುದೊಂದೇ.

ಶಾಫ್ಟನ್ನು ಒಂದು ಅಡಿ ಹಿಂದಕ್ಕೆ ಎಳೆದರೆ ಬುಷ್‌ನಲ್ಲಿ ಸಿಕ್ಕಿದ್ದು ಅದರ ಜೊತೆಗೇ ಹೊರಗೆ ಬರುತ್ತದೆ ಎಂದ ಎಲ್ಡನ್. ಹಾಗೆ ಎಳೆಯಬೇಕಾದರೆ ಗ್ಲ್ಯಾಂಡಿನ ಹುರಿಯನ್ನೆಲ್ಲ ಕೀಳಬೇಕು. ಕಿತ್ತರೆ ಬೋಟಿನ ಹಿಂಬದಿಯಲ್ಲಿ ತೆರೆದ ತೂತು. ನಾಳೆ ಮಾಡೋಣ, ನಾಳೆಯ ನೀರಿಗೆ ಬೇಗ ಶುರು ಮಾಡೋಣ ಎಂದು ಅಪ್ಪ ಎರಡು ಸಲ ಹೇಳಿದ. ನಾಳೆ ಎರೆಯ ಮೀನು ತುಂಬಬೇಕು, ನಾಡಿದ್ದು ಭಾನುವಾರ, ಸೋಮವಾರ ಬೋನು ಹೇರಬೇಕು, ಎಲ್ಲಿದೆ ಮಾವ ನಾಳೆ ಎಂದ ಎಲ್ಡನ್. ಅಪ್ಪ ನನ್ನ ಮುಖ ನೋಡಿದ. ನಾನು ಬೇಡ ಎಂದಿದ್ದರೆ ನಿಲ್ಲುತ್ತಿತ್ತೋ ಏನೋ. ನನಗೂ ಬೋನಿನದೇ ಚಿಂತೆ.

ಅಪ್ಪ ಒಳಗಿಳಿದು ಹುರಿ ಕಿತ್ತ. ಎಲ್ಡನ್ ಹೊರಗಿನಿಂದ ಫ್ಯಾನು ಹಿಡಿದು ಜಗ್ಗಿದ. ಶಾಫ್ಟು ಒಂದು ಗೇಣು ಬಂತು, ಇನ್ನೊಂದು ಗೇಣು ಬಂತು, ಆಮೇಲೆ ಕಲ್ಲಿಗೆ ಬಡಿದಂತೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಂಜಿನ್ನಿಗೆ ಸೇರುವ ತುದಿಯನ್ನು ಚೂಪಾಗಿ ಇಳಿಸಿರುತ್ತಾರೆ. ಆ ಸಣ್ಣ ತುದಿ ಈಗ ಸರಿಯಾಗಿ ಗ್ಲ್ಯಾಂಡಿನ ಬಾಯಿಗೆ ಬಂದು ಕೂತಿತ್ತು. ಸುತ್ತ ಬೆರಳು ತೂರುವಷ್ಟು ಸಂದು. ಒಳಗಡೆ ನಾಲ್ಕು ಬೆರಳಷ್ಟು ತುದಿ ಮಾತ್ರ ಉಳಿದಿತ್ತು. ಶಾಫ್ಟು ಪೂರಾ ಹೊರಗೆ ಬಂದಿದ್ದರೆ ತೂತಿಗೆ ಮರದ ಬೆಣೆ ಹೊಡೆಯಬಹುದಿತ್ತು. ಪೂರಾ ಒಳಗಿದ್ದರೆ ಹುರಿ ಸುತ್ತಬಹುದಿತ್ತು. ಈ ನಡುವಿನ ಸ್ಥಿತಿಗೆ ಮದ್ದಿರಲಿಲ್ಲ.

ಒಂದೂವರೆಗೆ ನೀರು ದೂರದ ಕಲ್ಲುಗಳನ್ನು ನೆಕ್ಕತೊಡಗಿತು. ಎರಡಕ್ಕೆ ಧಕ್ಕೆಯ ಕಂಬಗಳ ನಡುವೆ ಬಂತು. ಶಬ್ದವಿಲ್ಲದೆ ಬರುತ್ತದೆ ಅದು. ನೋಡುತ್ತಿದ್ದರೆ ಬಂದದ್ದು ಗೊತ್ತಾಗುವುದಿಲ್ಲ, ಕಣ್ಣು ತೆಗೆದು ಮತ್ತೆ ನೋಡಿದರೆ ಒಂದು ಕಲ್ಲು ಕಡಿಮೆಯಾಗಿರುತ್ತದೆ.

ಸಂದಿನಿಂದ ನೀರು ಒಳನುಗ್ಗಿದರೆ ಬೋಟು ತೇಲುವುದಿಲ್ಲ. ಕಟ್ಟಿದ ಜಾಗದಲ್ಲೇ ತುಂಬಿಕೊಂಡು ಕೂರುತ್ತದೆ, ಏರುನೀರು ಅದರ ಮೇಲೆ ಹಾದುಹೋಗುತ್ತದೆ. ಆದರೆ ನನಗೆ ಹೆದರಿಕೆ ಬೋಟಿನದಾಗಿರಲಿಲ್ಲ. ಎಲ್ಡನ್ ಅದರಡಿಯಿಂದ ಎದ್ದು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಇಪ್ಪತ್ತರ ಹುಡುಗನಾಗಿದ್ದಾಗ ಅವನಪ್ಪನ ಬೋಟಿಗೆ ಬೆಂಕಿ ಹತ್ತಿ, ಇವನು ನೀರಿಗೆ ಹಾರಿ ಈಜಿ ಬಂದಿದ್ದ. ಯಾರಾದರೂ ಹಾರುತ್ತಿದ್ದರು. ಆದರೆ ಅವನಪ್ಪ ಸಾಯುವವರೆಗೂ ನಾಲ್ಕು ಜನರ ಮುಂದೆ ಇವನನ್ನು ‘ಹಾರುಮೀನು’ ಎಂದೇ ಕರೆದ. ಆ ಬೆಂಕಿಯ ನಂತರದ ಇಪ್ಪತ್ತಾರು ವರ್ಷದಲ್ಲಿ ಎಲ್ಡನ್ ಯಾವ ಗಾಳಿಗೂ, ಯಾವ ಮಂಜಿಗೂ ಬೋಟು ಬಿಟ್ಟು ಬಂದವನಲ್ಲ. ತೂತು ತೆರೆದಿರುವಷ್ಟು ಹೊತ್ತೂ ಅವನು ಆ ಫ್ಯಾನಿಗೆ ಜೋತುಕೊಂಡೇ ಇರುತ್ತಾನೆ. ನೀರು ಎದೆಗೆ ಬಂದರೂ, ಗಂಟಲಿಗೆ ಬಂದರೂ. ಆ ನೀರಿನಲ್ಲಿ ಕಾಲು ಗಂಟೆ ಕಳೆದರೆ ಕೈ ಹೇಳಿದ ಮಾತು ಕೇಳುವುದಿಲ್ಲ, ಅರ್ಧ ಗಂಟೆಗೆ ಬುದ್ಧಿಯೂ ಕೇಳುವುದಿಲ್ಲ.

ಹೊಸ ಧಕ್ಕೆಗೆ ಓಡಿ ಯಾರನ್ನಾದರೂ ಕರೆತರಲೇ, ಪಂಪು ತರಿಸಲೇ ಎಂದು ಕೇಳಿದೆ. ಆ ಧಕ್ಕೆ ಒಂದೂವರೆ ಮೈಲಿ. ನೀನು ಹೋದರೆ ನಮ್ಮಿಬ್ಬರ ಮಾತು ದಾಟಿಸುವವರು ಯಾರು, ಎಂದ ಅಪ್ಪ ಒಳಗಿನಿಂದ. ಅದೂ ನಿಜವೇ. ಹಲಗೆಯ ಆಚೆ ಒಬ್ಬ, ಈಚೆ ಒಬ್ಬ, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ನಾನು ಬೋಟಿನ ಮೇಲೆ ಹಿಂಬದಿಯಲ್ಲಿ ಮಂಡಿಯೂರಿ ಕೂತಿದ್ದೆ. ಒಂದು ಕಡೆ ಬಗ್ಗಿದರೆ ತೆರೆದ ಹಲಗೆಯ ಕೆಳಗೆ ಅಪ್ಪ ಕಾಣುತ್ತಿದ್ದ, ಎಂಜಿನ್ನಿಗೆ ಬೆನ್ನು ಹಾಕಿ, ಗ್ಲ್ಯಾಂಡಿನ ಕಡೆ ಮುಖ ಮಾಡಿ ಕೂತು, ಶಾಫ್ಟಿನ ತುದಿಗೆ ಪೈಪ್ ಪಾನಾ ಹಾಕಿದ್ದ. ಇನ್ನೊಂದು ಕಡೆ ಬಗ್ಗಿದರೆ ಎಲ್ಡನ್ನನ ಟೋಪಿ, ಭುಜ, ಫ್ಯಾನಿನ ಎಸಳಿನ ಮೇಲೆ ಅವನ ಎರಡು ಕೈ.

ತಿರುಗಿಸುತ್ತ ಎಳೆದರೆ ಬಿಡುತ್ತದೆ ಎಂದು ಇಬ್ಬರೂ ಒಪ್ಪಿದ್ದರು. ಇಬ್ಬರೂ ತಿರುಗಿಸುತ್ತಿದ್ದರು. ಶಾಫ್ಟು ಅಲುಗಲಿಲ್ಲ.

“ಅಪ್ಪ ಕೇಳ್ತಿದ್ದಾನೆ, ಯಾವ ಕಡೆಗೆ ತಿರುಗಿಸ್ತಿದ್ದೀಯ ಅಂತ,” ಎಂದೆ ಕೆಳಗೆ ಬಗ್ಗಿ.

“ಇನ್ಯಾವ ಕಡೆಗೆ ತಿರುಗಿಸ್ತಾರೆ? ಸೂರ್ಯನ ಜೊತೆ. ಅವರೂ ಹಾಗೇ ತಿರುಗಿಸ್ಲಿ ಅಂತ ಹೇಳು.”

ಒಳಕ್ಕೆ ಬಗ್ಗಿ ಹೇಳಿದೆ.

“ನಾನು ಐವತ್ತು ವರ್ಷದಲ್ಲಿ ಬೇರೆ ಕಡೆಗೆ ತಿರುಗಿಸಿದ್ದುಂಟಾ?” ಎಂದ ಅಪ್ಪ.

ನಮ್ಮಲ್ಲಿ ಬೋಟಿನ ಮೇಲೆ ಏನು ತಿರುಗಿದರೂ ಸೂರ್ಯನ ಜೊತೆ ತಿರುಗಬೇಕು, ಎಡದಿಂದ ಬಲಕ್ಕೆ, ಗಡಿಯಾರದ ಮುಳ್ಳಿನ ಹಾಗೆ. ಹಗ್ಗ ಸುತ್ತುವುದು, ಧಕ್ಕೆಯಿಂದ ಬೋಟು ಹೊರಳಿಸುವುದು, ಲೋಟದಲ್ಲಿ ಚಹಾ ಕಲಕುವುದು, ಎಲ್ಲ. ಎದುರು ತಿರುಗಿಸಿದರೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಚರ್ಚಿನಲ್ಲಿ ಪಾದ್ರಿ ಇದನ್ನು ನಗುತ್ತ ಮಾತಾಡಿದಾಗ ಗಂಡಸರೆಲ್ಲ ಬೂಟು ನೋಡಿಕೊಳ್ಳುತ್ತಾರೆ. ಅದೂ ಬೋನು ಇಳಿಸುವುದಕ್ಕೆ ನಾಲ್ಕು ದಿನವಿರುವಾಗ.

ಎರಡೂಕಾಲು. ನೀರು ಎಲ್ಡನ್ನನ ಮೊಣಕಾಲಿಗೆ ಬಂದಿತ್ತು. ಅವನು ಮಲಗಿ ಮಾಡುತ್ತಿದ್ದ ಕೆಲಸವನ್ನು ಈಗ ನಿಂತು, ಬಗ್ಗಿ ಮಾಡುತ್ತಿದ್ದ. ಒಂದು ಸಲ ಸಾಕು ಬಾ ಎಂದೆ, ಎಸಳನ್ನು ಇನ್ನೂ ಗಟ್ಟಿ ಹಿಡಿದ. ಇನ್ನೊಂದು ಸಲ ಎಂದಾಗ ಮುಖವೆತ್ತಿ, “ಬೋಟು ಬಿಟ್ಟು ಬಾ ಅಂತೀಯಾ?” ಎಂದು ಕೇಳಿದ. ಜಗಳದ ದನಿಯಲ್ಲಲ್ಲ, ಮೆಲ್ಲಗೆ.

ಅಪ್ಪ ಸಂದಿಗೆ ಚಿಂದಿ ತುರುಕುತ್ತಿದ್ದ. ಚಿಂದಿ ನಿಲ್ಲುವುದಿಲ್ಲ, ನೀರಿನ ಭಾರ ಬಂದರೆ ಬುಳಕ್ ಎಂದು ಒಳಗೆ ಬೀಳುತ್ತದೆ ಎಂದು ನನಗೆ ಹೇಳದೆ ತನಗೇ ಹೇಳಿಕೊಂಡ. ಮತ್ತೆ ಪಾನಾ ಹಿಡಿದ. ಮುಖ ಕೆಂಪೇರಿ, ಕತ್ತಿನ ನರ ಉಬ್ಬಿ, ಬಲಕ್ಕೆ ಜಗ್ಗಿದ. ನಾನು ಕತ್ತು ತಿರುಗಿಸಿ ಹೊರಗೆ ನೋಡಿದೆ. ಎಲ್ಡನ್ನನೂ ಹಲ್ಲು ಕಚ್ಚಿ ಬಲಕ್ಕೆ ಜಗ್ಗುತ್ತಿದ್ದ. ಮತ್ತೆ ಒಳಗೆ ನೋಡಿದೆ. ಮತ್ತೆ ಹೊರಗೆ.

ಎಲ್ಡನ್ನನ ತಾಯಿ ಇದ್ದಾಗ ಪ್ರತಿ ಮೇ ತಿಂಗಳು ನಾವಿಬ್ಬರೂ ಚಳಿಗಾಲದ ಕಂಬಳಿಗಳನ್ನು ಒಗೆಯುತ್ತಿದ್ದೆವು. ನೀರು ಕುಡಿದ ಕಂಬಳಿಯನ್ನು ಒಬ್ಬರೇ ಹಿಂಡಲಾಗದು. ಒಂದು ತುದಿ ಅವಳು, ಇನ್ನೊಂದು ತುದಿ ನಾನು, ಎದುರು ಬದುರು ನಿಂತು ಇಬ್ಬರೂ ಬಲಕ್ಕೆ ತಿರುಗಿಸುತ್ತಿದ್ದೆವು. ಇಬ್ಬರೂ ಬಲಕ್ಕೇ ತಿರುಗಿಸುವುದರಿಂದಲೇ ಕಂಬಳಿ ಹುರಿಯಾಗಿ ನೀರು ಸುರಿಯುವುದು. ಇವರು ಶಾಫ್ಟನ್ನು ಹಿಂಡುತ್ತಿದ್ದರು. ಅಪ್ಪನ ಮುಖ ಹಿಂದಕ್ಕೆ, ಎಲ್ಡನ್ನನ ಮುಖ ಮುಂದಕ್ಕೆ. ಅವನ ಸೂರ್ಯ ಇವನಿಗೆ ಎದುರು, ಇವನ ಸೂರ್ಯ ಅವನಿಗೆ ಎದುರು. ಒಂದು ಗಂಟೆಯಿಂದ ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸುತ್ತ ಕೂತಿದ್ದರು.

ಅಪ್ಪನಿಗೆ ಹೇಳಿದೆ. ಅವನು ಪಾನಾ ಹಿಡಿದಂತೆಯೇ ಕಣ್ಣು ಮುಚ್ಚಿದ. ಗಾಳಿಯಲ್ಲಿ ಒಂದು ಬೆರಳನ್ನು ಒಂದು ಸಲ ಹೀಗೆ, ಒಂದು ಸಲ ಹಾಗೆ ಸುತ್ತಿದ. ಬೋಟು ಮುಂದೆ ಓಡುವಾಗ ಫ್ಯಾನು ತಿರುಗುವುದು ಹೊರಗಿನವನ ಬಲಕ್ಕೆ. ಹಗ್ಗ ಸುತ್ತಿಕೊಂಡದ್ದೂ ಹಾಗೇ. ಅಂದರೆ ಎಲ್ಡನ್ ತಿರುಗಿಸಿದಷ್ಟೂ ಅದು ಇನ್ನೂ ಬಿಗಿಯುತ್ತದೆ. “ಅವನು ಎಡಕ್ಕೆ ತಿರುಗಿಸ್ಬೇಕು. ನನ್ನೊಬ್ಬನ ತೋಳಲ್ಲಿ ಆಗೋದಲ್ಲ ಇದು,” ಎಂದ.

ಹೊರಕ್ಕೆ ಬಗ್ಗಿ ಎಲ್ಡನ್ನನಿಗೆ ಹೇಳಿದೆ. ಕಂಬಳಿಯ ಮಾತೂ ಹೇಳಿದೆ. ಅವನಿಗೆ ಅರ್ಥವಾಯಿತು, ಅರ್ಥವಾದದ್ದು ಅವನ ಕಣ್ಣಲ್ಲಿ ಕಂಡಿತು. ಆದರೂ ಕೈ ಎಸಳಿನ ಮೇಲೆ ಹಾಗೇ ಇತ್ತು.

“ನಾಲ್ಕು ದಿನ ಇಟ್ಕೊಂಡು ಎದುರು ತಿರುಗಿಸಲಾ? ಮಾವನೇ ತಿರುಗಿಸ್ಲಿ ಆ ಕಡೆಗೆ. ಅವರಿಗೆ ಅದು ಸೂರ್ಯನ ಜೊತೆ ತಾನೇ.”

“ಒಬ್ಬನಿಂದ ಆಗಲ್ಲ ಅಂತಿದ್ದಾನೆ ಎಲ್ಡನ್.”

ಅವನು ತಲೆ ಅಲ್ಲಾಡಿಸಿ ಮತ್ತೆ ಬಲಕ್ಕೇ ಭುಜ ಕೊಟ್ಟ. ನೀರು ಅವನ ತೊಡೆಗೆ ಬಂದಿತ್ತು. ತುಟಿ ನೀಲಿಗಟ್ಟಿತ್ತು. ನಾನು ಇದುವರೆಗೆ ನನ್ನ ಗಂಡನ ಮುಖದಲ್ಲಿ ಹೆದರಿಕೆ ನೋಡಿರಲಿಲ್ಲ. ಆಗ ನೋಡಿದೆ. ಅವನು ನೀರಿಗೆ ಹೆದರಿರಲಿಲ್ಲ.

ನನಗೆ ಈಜು ಬರುವುದಿಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ಬರುವುದಿಲ್ಲ, ಈ ನೀರಿನಲ್ಲಿ ಬಂದೂ ಪ್ರಯೋಜನವಿಲ್ಲ. ಧಕ್ಕೆಯ ಏಣಿ ಪಾಚಿ ಹಿಡಿದು ಜಾರುತ್ತಿತ್ತು. ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ಇಳಿದೆ. ಹದಿನಾಲ್ಕನೆಯದಕ್ಕೆ ಬೂಟಿನೊಳಗೆ ನೀರು ಬಂತು. ಆಮೇಲೆ ಎಣಿಸಲಿಲ್ಲ. ನೆಲ ಸಿಕ್ಕಿದಾಗ ಸೊಂಟದವರೆಗೆ ನೀರಿತ್ತು. ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಕಂಬ ಹಿಡಿದು, ಬೋಟಿನ ಮೈ ಹಿಡಿದು, ಕಾಲೆಳೆಯುತ್ತ ಹಿಂಬದಿಗೆ ಹೋದೆ. ಮೇಲೆ ಹತ್ತು ಟನ್ನಿನ ಬೋಟು. ಅದು ಒಂದು ಸಲ ಮೆಲ್ಲಗೆ ಕಿರುಗುಟ್ಟಿತು. ತೇಲಲು ನೋಡುತ್ತಿತ್ತು.

“ನೀನ್ಯಾಕೆ ಇಳಿದೆ?” ಎಂದ ಎಲ್ಡನ್. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಮಾತು ತುಂಡಾಗಿ ಬಂತು.

“ನೀನು ತಿರುಗಿಸ್ಬೇಡ. ಕೈ ಬಿಡು, ಅಷ್ಟು ಸಾಕು.”

ಅವನು ನನ್ನನ್ನೇ ನೋಡಿದ. ನಾನು ಎಸಳಿನ ಮೇಲೆ ಕೈ ಇಟ್ಟೆ, ಅವನ ಕೈಯ ಪಕ್ಕದಲ್ಲಿ. ಕೈ ಬಿಡು ಎಂದು ಮತ್ತೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವನ ಬೆರಳುಗಳು ಒಂದೊಂದಾಗಿ ಬಿಟ್ಟವು, ಬಿಡುವುದಕ್ಕೂ ಅವುಗಳಿಗೆ ಕಷ್ಟವಾಗುತ್ತಿತ್ತು. ನಾನು ಹಲಗೆಗೆ ಮೂರು ಸಲ ಬಡಿದೆ. ಒಳಗಿನಿಂದ ಅಪ್ಪ ಮೂರು ಸಲ ಬಡಿದ. ಇಬ್ಬರೂ ಒಟ್ಟಿಗೆ ಹಾಕಿದೆವು, ಅಪ್ಪ ಬಲಕ್ಕೆ, ನಾನು ಎಡಕ್ಕೆ. ಎರಡೂ ಕೈ, ಭುಜ, ಕೆನ್ನೆ ಎಲ್ಲ ಆ ಎಸಳಿಗೆ ಒತ್ತಿದೆ.

ಏನೂ ಆಗಲಿಲ್ಲ. ಮತ್ತೆ ಬಡಿದೆ. ಮತ್ತೆ ಹಾಕಿದೆವು. ಬುಷ್‌ನೊಳಗೆ ಟಕ್ ಎಂದು ಒಂದು ಸಣ್ಣ ಸದ್ದು, ಕೈಗೆ ತಿಳಿಯಿತೇ ಹೊರತು ಕಿವಿಗೆ ಕೇಳಲಿಲ್ಲ. ಎಸಳು ನಾಲ್ಕು ಬೆರಳು ಸರಿಯಿತು. ಆಮೇಲೆ ಒಂದು ಗೇಣು. ಆಮೇಲೆ ಅರ್ಧ ಸುತ್ತು ತಾನಾಗಿ ಬಂತು. ಬುಷ್‌ನ ಬಾಯಿಂದ ಹಸಿರು ಹಗ್ಗ ಸುರುಳಿ ಸುರುಳಿಯಾಗಿ ಬಿಚ್ಚಿ ನೀರಿನ ಮೇಲೆ ಬಂತು, ಕರಗಿ ಕಪ್ಪಾದ ಒಂದು ಗಂಟೂ ಬಂತು. ಎಲ್ಡನ್ ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದ, ಬೆರಳಲ್ಲಿ ಕಸುವಿರಲಿಲ್ಲ. ಆಮೇಲೆ ಬೆನ್ನು ಕೊಟ್ಟು ಫ್ಯಾನನ್ನು ಒಳಕ್ಕೆ ನೂಕಿದ. ಶಾಫ್ಟು ಬೆಣ್ಣೆಯೊಳಗೆ ಚಾಕು ಹೋದಂತೆ ಹೋಯಿತು. ಅಷ್ಟರಲ್ಲಿ ನೀರು ಶಾಫ್ಟನ್ನು ಮುಟ್ಟಿ ಮೇಲೇರಿತ್ತು. ಒಳಗೆ ಅಪ್ಪ ಕೊಬ್ಬಿನ ಡಬ್ಬಿಯಲ್ಲಿ ಸಿದ್ಧವಾಗಿಟ್ಟಿದ್ದ ಹುರಿಯ ಬಳೆಗಳನ್ನು ಒಂದರ ಮೇಲೊಂದು ತುರುಕಿ, ಮೊಣಕಾಲು ಮುಳುಗುವ ನೀರಿನಲ್ಲಿ ಕೂತು ನಟ್ಟು ಬಿಗಿದನಂತೆ. ಮೂರು ಸಲ ಬಡಿದ ಸದ್ದು ಕೇಳಿದ ಮೇಲೆ ಎಲ್ಡನ್ ಏಣಿ ಹತ್ತಿದ. ಅವನನ್ನು ಮೊದಲು ಹತ್ತಿಸಿ, ಹಿಂದಿನಿಂದ ತಲೆ ಕೊಟ್ಟು ತಳ್ಳುತ್ತ ನಾನು ಹತ್ತಿದೆ. ಅರ್ಧ ಗಂಟೆಯಲ್ಲಿ ‘ಆರ್ಫಾ’ ನೆಲ ಬಿಟ್ಟು ತೇಲಿತು. ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತ ಅಪ್ಪ ನಮ್ಮಿಬ್ಬರಿಗೂ ಬೈದ. ಬೈಗುಳ ಅಷ್ಟು ಹಿತವಾಗಿ ನನಗೆ ಯಾವತ್ತೂ ಕೇಳಿರಲಿಲ್ಲ.

ಆ ಸಂಜೆ ಒಲೆಯ ಮುಂದೆ ಎಲ್ಡನ್ ಕಂಬಳಿ ಹೊದ್ದು, ಕಾಲನ್ನು ಬಿಸಿನೀರಿನಲ್ಲಿಟ್ಟು ಕೂತಿದ್ದ. ಉಪ್ಪು ಮೀನು, ಆಲೂಗಡ್ಡೆ ಬೇಯಿಸಿ, ಹಂದಿಯ ಕೊಬ್ಬು ಕರಿದು ಮೇಲೆ ಸುರಿದಿದ್ದೆ. ಅಪ್ಪ ಎರಡು ಸಲ ಹಾಕಿಸಿಕೊಂಡ. ಗಂಡಸರಿಬ್ಬರೂ ಬುಷ್‌ನ ಬಗ್ಗೆ, ಹಗ್ಗ ಬಿಟ್ಟುಹೋಗುವ ದರಿದ್ರ ಜನರ ಬಗ್ಗೆ, ಮಂಗಳವಾರದ ಗಾಳಿಯ ಬಗ್ಗೆ ಮಾತಾಡಿದರು. ಎಂಜಿನ್ನಿನ ವಿಷಯವಾಗಿ ಎಲ್ಡನ್ ಏನೂ ಹೇಳಲಿಲ್ಲ, ಆದರೆ ಮಾವನ ತಟ್ಟೆಗೆ ತನ್ನ ಪಾಲಿನ ಕೊಬ್ಬನ್ನೂ ಸರಿಸಿದ. ಕೊನೆಗೆ, ತಟ್ಟೆ ನೋಡುತ್ತಲೇ, ಶಾಫ್ಟು ಒಳಗಿನಿಂದ ನೋಡಿದರೆ ಸೂರ್ಯನ ಜೊತೆಯೇ ತಿರುಗಿದ್ದಲ್ಲವಾ ಎಂದು ಕೇಳಿದ.

ಒಳಗಿನಿಂದ ಹೌದು, ಎಂದ ಅಪ್ಪ. ಇಬ್ಬರೂ ಅಷ್ಟಕ್ಕೆ ತೃಪ್ತರಾದರು.

ಅಪ್ಪನನ್ನು ಬಾಗಿಲವರೆಗೆ ಬಿಡಲು ಹೋದೆ. ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತೇ ಇದ್ದ.

“ನೀನು ಹೊರಗಿದ್ದೆ ಮಗಳೇ,” ಎಂದ.

“ಗೊತ್ತು. ನಾನು ತಿರುಗಿಸಿದ್ದು ಎದುರು.”

“ಅವನು ಮಂಗಳವಾರ ಹೊರಡೋವಾಗ ಬಂದರಿನ ಬಾಯಲ್ಲಿ ಬೋಟನ್ನ ಸೂರ್ಯನ ಜೊತೆ ಒಂದು ಪೂರ್ತಿ ಸುತ್ತು ಹಾಕ್ಲಿ. ಅಷ್ಟಾದ್ರೆ ತೀರುತ್ತೆ. ನಮ್ಮಪ್ಪ ಹಾಗೇ ಮಾಡ್ತಿದ್ದ. ನಂಬು ಅಂತ ನಾನು ಹೇಳಲ್ಲ. ಆದ್ರೆ ಬಾಕಿ ಇಟ್ಕೋಬೇಡ.”

ನಂಬುವುದೂ ಬಿಡುವುದೂ ನನ್ನ ಕೈಯಲ್ಲಿರಲಿಲ್ಲ. ಆ ರಾತ್ರಿಯಿಂದಲೇ ಶುರುವಾಯಿತು. ನನ್ನ ಅಂಗೈಗೆ ಎಸಳು ಎಡಕ್ಕೆ ಸರಿದದ್ದು ಮತ್ತೆ ಮತ್ತೆ ತಿಳಿಯುತ್ತಿತ್ತು. ನೀರಿನಲ್ಲಿ ಇಲ್ಲದ ಭಯ ಹಾಸಿಗೆಯಲ್ಲಿ ಬಂತು. ಶನಿವಾರ ಹೇಳಬೇಕೆಂದುಕೊಂಡೆ, ಮೀನು ತುಂಬುವ ಗಡಿಬಿಡಿ. ಭಾನುವಾರ ಚರ್ಚಿನಿಂದ ಬಂದ ಮೇಲೆ ಇಂಥ ಮಾತು ಆಡಲು ನಾಚಿಕೆಯಾಯಿತು.

ಮಂಗಳವಾರ ಬೆಳಕು ಹರಿಯುವ ಮೊದಲೇ ಧಕ್ಕೆಯಲ್ಲಿ ಮೂವತ್ತು ಬೋಟುಗಳ ಎಂಜಿನ್ನುಗಳು ಗುಡುಗುತ್ತಿದ್ದವು. ‘ಆರ್ಫಾ’ದ ಮೇಲೆ ಬೋನುಗಳನ್ನು ಏಳು ಸಾಲು ಎತ್ತರಕ್ಕೆ ಪೇರಿಸಿತ್ತು, ಹಿಂಬದಿ ಅಂಗೈಯಗಲ ಮಾತ್ರ ನೀರಿನ ಮೇಲಿತ್ತು. ಶಾಫ್ಟು ಒಂದು ಕೈಗೆ ತಿರುಗುತ್ತಿತ್ತು. ಎಲ್ಡನ್ ಹಗ್ಗ ಬಿಚ್ಚುವಾಗ ಹೇಳಿದೆ, ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ.

ಅವನು ನಗಲಿಲ್ಲ. ಬೋನಿನ ರಾಶಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

“ಈ ಹೊರೆ ಇಟ್ಕೊಂಡು ಅಲೆಗೆ ಅಡ್ಡ ತಿರುಗಿದ್ರೆ ಮಗುಚಿಕೊಳ್ತೀನಿ ಏವರಿಲ್. ಬರೋವಾಗ ಖಾಲಿ ಇರುತ್ತೆ. ಬರೋವಾಗ ಹಾಕ್ತೀನಿ.”

ಅದು ಸರಿಯಾದ ಮಾತೇ. ಅವನು ನೇರವಾಗಿ ಹೋದ. ಬಂದರಿನ ಬಾಯಿ ದಾಟಿ, ಬೋಟು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ, ಆಮೇಲೆ ಮಂಜಿನಲ್ಲಿ ಇಲ್ಲವಾಗುವವರೆಗೆ ನಾನು ಕಂಬ ಹಿಡಿದು ನಿಂತಿದ್ದೆ. ಸಂಜೆ ಐದಕ್ಕೆ ಬಂದ. ಕೈಯೆಲ್ಲ ಬೊಬ್ಬೆ ಎದ್ದು, ನಿದ್ದೆಗಣ್ಣಿನಲ್ಲಿ, ನೇರವಾಗಿ ಧಕ್ಕೆಗೇ ಬಂದ. ಆಗ ಕೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಕೇಳಿದಾಗೆಲ್ಲ, ಹೌದಲ್ಲ ಮರೆತೆ, ನಾಳೆ ಹಾಕ್ತೀನಿ ಎನ್ನುತ್ತಿದ್ದ. ಕೊನೆಗೆ ನಾನು ಕೇಳುವುದನ್ನು ಬಿಟ್ಟೆ. ಕೇಳಿದರೆ ನೆನಪಾಗುತ್ತದೆ, ನೆನಪಾದರೆ ಅವನೂ ಹೆದರುತ್ತಾನೆ. ಹೆದರಿದವನ ಕೈ ಚುಕ್ಕಾಣಿಯ ಮೇಲೆ ಇರುವುದು ನನಗೆ ಬೇಡವಾಗಿತ್ತು.

ಹನ್ನೊಂದು ವರ್ಷವಾಯಿತು. ಆ ಸುತ್ತು ಇನ್ನೂ ಬಾಕಿ ಇದೆ. ಎಲ್ಡನ್ ದಿನವೂ ಹೋಗುತ್ತಾನೆ, ದಿನವೂ ಬರುತ್ತಾನೆ. ಐದು ಗಂಟೆಯಾಗುತ್ತಲೇ ನಾನು ಒಲೆಯ ಮೇಲಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಕಿಟಕಿಗೆ ಹೋಗುತ್ತೇನೆ. ಇವತ್ತು ಐದೂಕಾಲು ಆಯಿತು. ‘ಆರ್ಫಾ’ದ ದೀಪ ಇನ್ನೂ ಕಂಡಿಲ್ಲ.